ವ್ಯಾಧಿಯ ಮನೆಯಲ್ಲಿ ನಾವು ಕಲಿತ ಪಾಠ

(ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳನ್ನು ಪೂರೈಸಿದ ದೇವಾಲಯದ ಹಬ್ಬದಲ್ಲಿ ಸಾವುನೋವಿನ ಮಾತನ್ನಾಡುವುದು ಉಚಿತವೇ ಎಂದು ನಾವು ಅಳುಕಿದೆವು. ಆದರೆ ಇಲ್ಲಿಯೇ ಜ್ಞಾನಸ್ನಾನ ಪಡೆದು, ಇದೇ ಬಲಿಪೀಠದ ಮುಂದೆ ವಿವಾಹವಾಗಿ, ಇಲ್ಲಿಂದಲೇ ಅಂತಿಮ ಯಾತ್ರೆಗೆ ಹೊರಟ ನಮ್ಮ ತಾಯಿಯವರ ಕಡೆಯ ದಿನಗಳೂ ಈ ದೇವಾಲಯದ ಚರಿತ್ರೆಗೆ ಸೇರಿದವೇ ಎಂದು ಗುರುಗಳು ಧೈರ್ಯ ಹೇಳಿದ್ದರಿಂದ ತಮ್ಮ ಮುಂದೆ ನಿಂತಿದ್ದೇವೆ.

2017ರ ತಪಸ್ಸುಕಾಲದಲ್ಲಿ ತಾಯಿಯವರ ಬೆನ್ನುನೋವಿಗೆಂದು ವೈದ್ಯರಲ್ಲಿಗೆ ಹೋದೆವು. ಪರೀಕ್ಷಿಸಿದಾಗ ಎಡಸ್ತನದಲ್ಲಿ ಗಂಟು ಕಂಡಿತು. ಒಂದೂವರೆ ವರ್ಷದಿಂದ ತಾಯಿಯವರಿಗೆ ಅದು ತಿಳಿದಿತ್ತು. "ನೋವೇ ಇರಲಿಲ್ಲವಲ್ಲ; ಇಂಥದ್ದನ್ನು ಗಂಡುಮಕ್ಕಳ ಮುಂದೆ ಹೇಗೆ ಹೇಳಲಿ?" ಎಂದರು. ಅಷ್ಟರಲ್ಲಿ ರೋಗವು ಬೆನ್ನೆಲುಬಿಗೆ ಇಳಿದಿತ್ತು. ಬೇರುಸಹಿತ ಕೀಳುವುದು ಇನ್ನು ಸಾಧ್ಯವಿಲ್ಲ, ಹತೋಟಿಯಲ್ಲಿಡಲು ಯತ್ನಿಸಬಹುದೆಂದು ವೈದ್ಯರು ತಿಳಿಸಿದರು.

ಅವರು ಮುಚ್ಚಿಟ್ಟಂತೆಯೇ ನಾವೂ ಮುಚ್ಚಿಟ್ಟೆವು. ಬರಿಯ ವಾತವೆಂದು ಹೇಳಿ, ಹಿತ್ತಲಿಗೆ ಹೋಗಿ ಅತ್ತೆವು. ಒಂದು ರಾತ್ರಿ ಜಪಸರ ಮುಗಿದ ಮೇಲೆ ತಾಯಿಯವರು, "ನನ್ನ ಒಳ್ಳೆಯ ಮರಣಕ್ಕಾಗಿಯೂ ಒಂದು ಜಪ ಹೇಳಿರಪ್ಪ. ನೀವು ಸುಳ್ಳು ಹೇಳುತ್ತಿದ್ದರೆ ನಾನು ಯಾರೊಡನೆ ಮಾತಾಡಲಿ?" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಸತ್ಯಕ್ಕೆ ಬಾಗಿಲು ತೆರೆಯಿತು.

ಮಾತ್ರೆಗಳಿಂದಲೂ ಬೆನ್ನೆಲುಬಿಗೆ ನೀಡಿದ ವಿಕಿರಣ ಚಿಕಿತ್ಸೆಯಿಂದಲೂ ಹದಿನಾಲ್ಕು ತಿಂಗಳು ಸುಧಾರಿಸಿದರು. ಅನಂತರ ಸ್ತನದಲ್ಲಿ ಹುಣ್ಣು ಒಡೆಯಿತು. ಅದರ ದುರ್ವಾಸನೆಗೆ ನಾಚಿ ಅವರು ಪೂಜೆಗೆ ಬರುವುದನ್ನೇ ನಿಲ್ಲಿಸಿದರು. ಬಂಧುಗಳೂ ಬಾಗಿಲಲ್ಲೇ ನಿಂತು ಹಿಂದಿರುಗಿದರು. ಹುಣ್ಣು ತೊಳೆಯಲು ಬಂದ ದಾದಿಯೊಬ್ಬರು, ವೈದ್ಯರ ಸಲಹೆಯಂತೆ, ಮೆಟ್ರೋನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಗಾಯಕ್ಕೆ ಉದುರಿಸುವುದನ್ನು ಕಲಿಸಿದರು. ಕೆಲವೇ ದಿನಗಳಲ್ಲಿ ವಾಸನೆ ಇಳಿಯಿತು, ನೆರೆಯವರು ಮತ್ತೆ ಮಂಚದ ಬಳಿ ಬಂದು ಕುಳಿತರು. ಅಗ್ಗದ ಆ ಮಾತ್ರೆಯು ನಮ್ಮ ತಾಯಿಗೆ ಮಾನವನ್ನು ಮರಳಿ ಕೊಟ್ಟಿತು.

ನೋವು ಮಾತ್ರ ಬೆಳೆಯಿತು. ವೈದ್ಯರು ಮಾರ್ಫಿನ್ ಕೊಡಬೇಕೆಂದಾಗ ನಮ್ಮಲ್ಲಿಯೇ ಭಿನ್ನಾಭಿಪ್ರಾಯ ಹುಟ್ಟಿತು. ಅದು ಅಮಲಿನ ವಸ್ತುವೆಂದು ಕೆಲವರು ಹೆದರಿದೆವು. ತಾಯಿಯವರೂ, "ಯೇಸುಸ್ವಾಮಿ ಶಿಲುಬೆಯ ಬಳಿ ನೋವು ಮರೆಸುವ ಪಾನೀಯವನ್ನು ಬೇಡವೆನ್ನಲಿಲ್ಲವೇ?" ಎಂದು ಹಲ್ಲುಕಚ್ಚಿ ಮಲಗಿದರು. ಅವರ ನರಳಾಟವನ್ನು ಭಕ್ತಿಯೆಂದು ತಿಳಿದು ನಾವು ಮೂರು ವಾರ ಸುಮ್ಮನಿದ್ದೆವು. ಇಂದಿಗೂ ನಮ್ಮ ಮನಸ್ಸನ್ನು ಚುಚ್ಚುವುದು ಆ ಮೂರು ವಾರಗಳೇ.

ಗುರುಗಳು ಬಂದು ಮಂಚದ ಪಕ್ಕದಲ್ಲಿ ಕುಳಿತರು. ಸ್ವಂತ ಇಚ್ಛೆಯಿಂದ ನೋವನ್ನು ದೇವರಿಗೆ ಒಪ್ಪಿಸುವುದು ಪುಣ್ಯವಾದರೂ ಅದು ಯಾರಿಗೂ ಕಡ್ಡಾಯವಲ್ಲ ಎಂದರು. ಬೇರೆ ಉಪಾಯವಿಲ್ಲದಾಗ ಇಂತಹ ಔಷಧಿಗಳಿಂದ ನೋವನ್ನು ಶಮನಗೊಳಿಸಬಹುದೆಂದು ಜಗದ್ಗುರು ಹನ್ನೆರಡನೆಯ ಭಕ್ತಿನಾಥರು, ಅಂದರೆ ಪೋಪ್ ಪಿಯುಸ್, 1957ರಲ್ಲಿಯೇ ವೈದ್ಯರಿಗೆ ಹೇಳಿದ್ದನ್ನು ವಿವರಿಸಿದರು. "ಅಮ್ಮಾ, ತನ್ನ ಬಳಿಗೆ ಬಂದ ಯಾವ ರೋಗಿಗೂ ಪ್ರಭು ನೋವನ್ನು ತಾಳಿಕೊಂಡು ಹೋಗೆಂದು ಹೇಳಲಿಲ್ಲ" ಎಂದರು. ಅಂದು ಸಂಜೆಯೇ ತಾಯಿಯವರು ಔಷಧಿ ತೆಗೆದುಕೊಂಡರು. ನಾಲ್ಕು ಗಂಟೆಗೊಮ್ಮೆ ಅಳತೆಯಂತೆ ಮಾತ್ರೆ, ಮಲಬದ್ಧತೆಗೆ ಜೊತೆಯಲ್ಲೇ ಬೇರೊಂದು ಔಷಧಿ. ಅಮಲೇರಲಿಲ್ಲ, ನಿದ್ದೆ ಬಂತು. ಮೂರನೆಯ ದಿನ ಎದ್ದು ಕುಳಿತು ತಾವೇ ಜಪಸರ ಹಿಡಿದರು.

ರೋಗಿಗಳ ಅಭ್ಯಂಗದ ವಿಷಯದಲ್ಲಿಯೂ ನಾವು ತಪ್ಪು ತಿಳಿದಿದ್ದೆವು. ಪವಿತ್ರ ತೈಲವನ್ನು ಕರೆಸಿದರೆ ಸಾವನ್ನೇ ಕರೆಸಿದಂತೆ ಎಂಬುದು ಹಿರಿಯರ ಭಯ. ಅದು ಕೊನೆಯುಸಿರಿನವರಿಗೆ ಮಾತ್ರ ಮೀಸಲಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ಸ್ಪಷ್ಟಪಡಿಸಿದೆ; ರೋಗ ಉಲ್ಬಣಿಸಿದರೆ ಮತ್ತೊಮ್ಮೆಯೂ ಪಡೆಯಬಹುದು. ತಾಯಿಯವರು ಎರಡು ಬಾರಿ ಪಡೆದರು, ಎರಡು ಬಾರಿಯೂ ಪೂರ್ಣ ಪ್ರಜ್ಞೆಯಿಂದ ಉತ್ತರ ಹೇಳಿದರು. 2019ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಪರಮಪ್ರಸಾದವನ್ನು ಸ್ವೀಕರಿಸಿದರು. ನಾಲ್ಕನೆಯ ದಿನ ನಮ್ಮೆಲ್ಲರ ನಡುವೆ ಶಾಂತರಾಗಿ ಕಣ್ಮುಚ್ಚಿದರು.

ಪ್ರಿಯ ಬಾಂಧವರೇ, 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,92,000 ಮಂದಿ ಸ್ತ್ರೀಯರಲ್ಲಿ ಸ್ತನದ ಕ್ಯಾನ್ಸರ್ ಕಾಣಿಸಿತೆಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಆದುದರಿಂದ ತಾಯಂದಿರೇ, ಸಹೋದರಿಯರೇ, ಗಂಟು ನೋಯುವುದಿಲ್ಲವೆಂದು ಸುಮ್ಮನಿರಬೇಡಿರಿ. ಮೊದಮೊದಲು ಅದು ನೋಯದಿರುವುದೇ ಹೆಚ್ಚು. ಗಂಡಂದಿರೇ, ಗಂಡುಮಕ್ಕಳೇ, ಅವರು ನಾಚದೆ ಹೇಳುವಂತೆ ನೀವು ನಡೆದುಕೊಳ್ಳಿರಿ. ಗುಣವಾಗದ ಹಂತದಲ್ಲಿಯೂ ಮಾಡಬಹುದಾದದ್ದು ಬಹಳವಿದೆ. ಬೆಂಗಳೂರಿನ ಕರುಣಾಶ್ರಯವು 1999ರಿಂದ ಇಂತಹ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ.

ಲೂರ್ದು ಮಾತೆಯ ಹಬ್ಬವಾದ ಫೆಬ್ರವರಿ 11ನ್ನು 1993ರಿಂದ ಧರ್ಮಸಭೆಯು ವಿಶ್ವ ರೋಗಿಗಳ ದಿನವೆಂದು ಆಚರಿಸುತ್ತಿದೆ. ಆ ಒಂದು ದಿನದ ಪೂಜೆಯೊಂದಿಗೆ ನಮ್ಮ ಕರ್ತವ್ಯ ಮುಗಿಯದಿರಲಿ. ಸಿರೇನಿನ ಸಿಮೋನನು ಶಿಲುಬೆಯನ್ನು ಹೊತ್ತದ್ದು ಸ್ವಲ್ಪ ದೂರ ಮಾತ್ರ. ಆದರೂ ಪ್ರಭುವಿನ ಹೆಗಲಿಗೆ ಅಷ್ಟು ಹಗುರವಾಯಿತು. ಶತಮಾನದ ಸ್ಮಾರಕವಾಗಿ ಕಟ್ಟಡವನ್ನು ಕಟ್ಟೋಣ. ಅದರೊಡನೆ, ಹಾಸಿಗೆ ಹಿಡಿದವರ ಮನೆಗೆ ವಾರಕ್ಕೊಮ್ಮೆ ಹೋಗಿ ಕುಳಿತುಕೊಳ್ಳುವ ಹತ್ತು ಮಂದಿಯನ್ನೂ ಸಿದ್ಧಗೊಳಿಸೋಣ. ನಮ್ಮ ತಾಯಿಯವರ ಆತ್ಮಕ್ಕಾಗಿ, ಈ ಧರ್ಮಕೇಂದ್ರದ ಸಮಸ್ತ ಮೃತರಿಗಾಗಿ ತಾವು ಪ್ರಾರ್ಥಿಸಬೇಕೆಂದು ಕೋರುತ್ತಾ ಮಾತು ಮುಗಿಸುತ್ತೇವೆ. ಪ್ರಭುವಿಗೆ ಸ್ತೋತ್ರ.