ಹಿಂದಿರುಗಿದವರ ಗುರು



ನಮ್ಮ ಮಾಕವಳ್ಳಿ ಸೀಮೆಗೆ ನೆರೆಯಾದ ಶ್ರೀರಂಗಪಟ್ಟಣಕ್ಕೆ 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದ ಕ್ರೈಸ್ತರಲ್ಲಿ ಅನೇಕರು ಬಲವಂತಕ್ಕೆ ಮಣಿದು ಮತಾಂತರಗೊಂಡಿದ್ದರು. 1799ರಲ್ಲಿ ಪಟ್ಟಣವು ಬಿದ್ದ ತರುವಾಯ ಅಬ್ಬೆ ದ್ಯುಬುವಾ ಗುರುಗಳು ಅಲ್ಲಿಗೆ ಬಂದರು. ಅಂತರಂಗದಲ್ಲಿ ಕ್ರಿಸ್ತರನ್ನು ಬಿಟ್ಟಿರಲಿಲ್ಲವೆಂದು ಹೇಳಿಕೊಂಡು ಸುಮಾರು 2,000 ಮಂದಿ ಅವರ ಬಳಿಗೆ ಹಿಂದಿರುಗಿದರು. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ರಕ್ತಸಾಕ್ಷಿಯಾಗಲಿಲ್ಲವೆಂಬ ನೋವನ್ನು 1823ರಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಗುರುಗಳು ಮರೆಮಾಚಲಿಲ್ಲ. ಆದರೂ ಅವರನ್ನು ಸೇರಿಸಿಕೊಂಡರು. ನೋವಿದ್ದೂ ಸೇರಿಸಿಕೊಂಡರೆಂಬುದೇ ನಮಗೆ ದೊಡ್ಡದಾಗಿ ಕಾಣುತ್ತದೆ.

ಜಗಳದಿಂದಲೋ ಕುಡಿತದಿಂದಲೋ ನಾಚಿಕೆಯಿಂದಲೋ ವರ್ಷಗಟ್ಟಲೆ ಪೂಜೆಗೆ ಬಾರದವರು ಇಂದು ಹಿಂದಿನ ಸಾಲಿನಲ್ಲಿ ನಿಂತಿರಬಹುದು. ‘ಇಷ್ಟು ದಿನ ಎಲ್ಲಿದ್ದೆ?’ ಎಂದು ಯಾರೂ ಕೇಳದಿರಿ. ಪಾಪನಿವೇದನೆಯ ಪೀಠದಲ್ಲಿ ನಾವೇ ಹಾಗೆ ಕೇಳಿ ಕೆಲವರನ್ನು ಕಳೆದುಕೊಂಡಿದ್ದೇವೆ. ಪೂಜೆಯ ಬಳಿಕ ನಾವು ಅಲ್ಲಿಯೇ ಕುಳಿತಿರುತ್ತೇವೆ.