ಕೂಟ ಒಡೆದಾಗ ಸಣ್ಣವರ ದಾರಿ



ಅಮೆರಿಕದ ವಾಯವ್ಯ ಭಾಗದಲ್ಲಿ, ಗೋಧಿ ಬೆಳೆಯುವ ಗುಡ್ಡಗಳ ನಡುವೆ, ಎರಡು ಸಣ್ಣ ಊರುಗಳಿವೆ. ಒಂದು ವಾಷಿಂಗ್ಟನ್ ರಾಜ್ಯದ ಪುಲ್‌ಮನ್; ಇನ್ನೊಂದು ಐಡಹೋ ರಾಜ್ಯದ ಮಾಸ್ಕೊ. ನಡುವಿನ ದೂರ ಸುಮಾರು 13 ಕಿಲೋಮೀಟರ್. ಎರಡು ಊರುಗಳೂ ತಮ್ಮಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯವನ್ನೇ ನಂಬಿಕೊಂಡಿವೆ. ಕಾಲೇಜು ಫುಟ್‌ಬಾಲ್ ಪಂದ್ಯವಿರುವ ಶನಿವಾರ ಅಲ್ಲಿನ ಅಂಗಡಿ, ಹೋಟೆಲುಗಳಿಗೆ ಜಾತ್ರೆಯ ದಿನವಿದ್ದಂತೆ. ಈ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ.

1959ರಲ್ಲಿ ಮಾಸ್ಕೊದ ವಿಶ್ವವಿದ್ಯಾಲಯ ತನ್ನ ಕ್ರೀಡಾಕೂಟವನ್ನು ಕಳೆದುಕೊಂಡಿತು. 2023ರಲ್ಲಿ ಪುಲ್‌ಮನ್‌ನ ಸರದಿ ಬಂತು. ದೊಡ್ಡವರು ಎದ್ದು ಹೋದಾಗ ಉಳಿದವರು ಏನು ಮಾಡಬಹುದು ಎಂಬ ಪ್ರಶ್ನೆಗೆ ಈ ನೆರೆಯವರು ಕೊಟ್ಟ ಉತ್ತರಗಳು ಮಾತ್ರ ಬೇರೆ ಬೇರೆ.

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಕಾನ್ಫರೆನ್ಸ್ ಎಂದರೆ ವಿಚಾರ ಸಂಕಿರಣವಲ್ಲ. ವರ್ಷವರ್ಷವೂ ತಮ್ಮತಮ್ಮಲ್ಲೇ ಪಂದ್ಯವಾಡಲು ವಿಶ್ವವಿದ್ಯಾಲಯಗಳು ಕಟ್ಟಿಕೊಂಡ ಕೂಟ. ಏಳು ವಿಶ್ವವಿದ್ಯಾಲಯಗಳು ಸೇರಿ 1896ರಲ್ಲಿ ಸ್ಥಾಪಿಸಿದ ಕೂಟವೇ ಮುಂದೆ 'ಬಿಗ್ ಟೆನ್' ಎಂದು ಹೆಸರಾಯಿತು. ರೈಲಿನಲ್ಲಿ ಹೋಗಿ ಆಡಿ ಬರುವ ಕಾಲದಲ್ಲಿ ಕೂಟವೆಂದರೆ ಬಹುಮಟ್ಟಿಗೆ ನೆರೆಹೊರೆ. ಅಪ್ಪ ನೋಡಿದ ಎದುರಾಳಿಯನ್ನೇ ಮಗನೂ ನೋಡುತ್ತಿದ್ದ. ಹಗೆತನವೂ ಒಂದು ಬಗೆಯ ನೆಂಟಸ್ತಿಕೆಯಾಗಿತ್ತು.

ಈ ನೆರೆಹೊರೆಯನ್ನು ಕದಡಿದ್ದು ಟಿ.ವಿ. ಕಾಲೇಜು ಫುಟ್‌ಬಾಲ್ ಪಂದ್ಯಗಳ ಪ್ರಸಾರವನ್ನು ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆ ಬಹುಕಾಲ ತನ್ನ ಹಿಡಿತದಲ್ಲಿ ಇಟ್ಟುಕೊಂಡಿತ್ತು. ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಕಡೆಯವರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಈ ಹಿಡಿತ ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂದು 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಲ್ಲಿಂದ ಮುಂದೆ ತಮ್ಮ ಪಂದ್ಯಗಳನ್ನು ತಾವೇ ಮಾರಿಕೊಳ್ಳಲು ದಾರಿ ತೆರೆಯಿತು. ಹೆಚ್ಚು ಪ್ರೇಕ್ಷಕರಿರುವ ವಿಶ್ವವಿದ್ಯಾಲಯಗಳನ್ನು ಸೇರಿಸಿಕೊಂಡ ಕೂಟಕ್ಕೆ ಹೆಚ್ಚು ಬೆಲೆ. ಕೂಟದ ಗಡಿಯನ್ನು ಭೂಪಟದ ಬದಲು ಪ್ರಸಾರದ ಒಪ್ಪಂದ ಎಳೆಯತೊಡಗಿತು.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಸೌತ್‌ವೆಸ್ಟ್ ಕಾನ್ಫರೆನ್ಸ್‌ಗೆ. 1996ರಲ್ಲಿ ಟೆಕ್ಸಾಸ್ ಸೇರಿದಂತೆ ನಾಲ್ಕು ವಿಶ್ವವಿದ್ಯಾಲಯಗಳು 'ಬಿಗ್ ಎಯ್ಟ್' ಕೂಟದವರ ಜತೆಗೂಡಿ 'ಬಿಗ್ 12' ಕಟ್ಟಿದವು. ರೈಸ್, ಹ್ಯೂಸ್ಟನ್, ಟೆಕ್ಸಾಸ್ ಕ್ರಿಶ್ಚಿಯನ್, ಸದರ್ನ್ ಮೆಥಡಿಸ್ಟ್ ಹೊರಗುಳಿದವು. ಹಳೆಯ ಕೂಟ ಮುಚ್ಚಿತು.

2023ರ ಆಗಸ್ಟ್ 4ರಂದು ಪೆಸಿಫಿಕ್ ಕರಾವಳಿಯ 'ಪ್ಯಾಕ್-12' ಕೂಟದಲ್ಲೂ ಇದೇ ನಡೆಯಿತು. ಅದರ ಬೇರು ಇರುವುದು 1915ರಲ್ಲಿ. ಲಾಸ್ ಏಂಜಲೀಸ್‌ನ ಎರಡು ದೊಡ್ಡ ವಿಶ್ವವಿದ್ಯಾಲಯಗಳು ತಾವು ಹೊರಡುವುದಾಗಿ 2022ರಲ್ಲೇ ಸಾರಿದ್ದವು. ಆ ಒಂದೇ ದಿನ ಇನ್ನೂ ಐದು ಎದ್ದವು. ಕೊನೆಗೆ ಉಳಿದದ್ದು ಎರಡೇ: ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್ ಮತ್ತು ಕೊರ್ವಾಲಿಸ್‌ನ ಆರೆಗಾನ್ ಸ್ಟೇಟ್. 2024ರಿಂದ 'ಬಿಗ್ ಟೆನ್'ನಲ್ಲಿ 18 ಸದಸ್ಯರು. ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್ ಇರುವುದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ! ಆ ಕೂಟದ ಬಾಸ್ಟನ್ ಕಾಲೇಜಿಗೆ ಹೋಗಿ ಆಡಲು ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ 4,000 ಕಿಲೋಮೀಟರಿಗೂ ಹೆಚ್ಚು ಹಾರಬೇಕು. ಟಿ.ವಿ. ಹಣ ಬರುವುದು ಮುಖ್ಯವಾಗಿ ಫುಟ್‌ಬಾಲ್‌ನಿಂದ. ಆದರೆ ಪಾಠ ಬಿಟ್ಟು ಹಾರುವವರಲ್ಲಿ ವಾಲಿಬಾಲ್, ಸಾಕರ್ ಆಡುವ ಹುಡುಗಿಯರೂ ಇದ್ದಾರೆ.

ಹೊರಗುಳಿದವರಿಗೆ ಇರುವ ಮೊದಲನೆಯ ದಾರಿ, ಬೆಲೆ ತೆತ್ತು ಒಳಗೆ ಹೋಗುವುದು. ಡಲ್ಲಸ್‌ನ ಸದರ್ನ್ ಮೆಥಡಿಸ್ಟ್ 28 ವರ್ಷ ಸಣ್ಣ ಕೂಟಗಳಲ್ಲಿ ಅಲೆದು, 2024ರಲ್ಲಿ ಅಟ್ಲಾಂಟಿಕ್ ಕೂಟ ಸೇರಿತು. ಅದಕ್ಕಾಗಿ ಒಂಬತ್ತು ವರ್ಷ ಕೂಟದ ಟಿ.ವಿ. ಹಣದ ಪಾಲು ಬೇಡವೆಂದು ಒಪ್ಪಿಕೊಂಡಿತು. ಆ ಕೊರತೆಯನ್ನು ತುಂಬಬಲ್ಲ ಶ್ರೀಮಂತ ಹಳೆಯ ವಿದ್ಯಾರ್ಥಿಗಳು ಅದಕ್ಕಿದ್ದರು. ಎಲ್ಲರಿಗೂ ಆ ಭಾಗ್ಯವಿಲ್ಲ.

ಎರಡನೆಯದು, ಉಳಿದ ಮನೆಯನ್ನೇ ಮತ್ತೆ ಕಟ್ಟುವುದು. ಪುಲ್‌ಮನ್ ಮತ್ತು ಕೊರ್ವಾಲಿಸ್‌ನವರು ನ್ಯಾಯಾಲಯಕ್ಕೆ ಹೋದರು. ಹೊರಟು ನಿಂತವರಿಗೆ ಮನೆಯ ಆಡಳಿತದಲ್ಲಿ ಮಾತಿಲ್ಲ ಎಂಬುದು ಅವರ ವಾದ. ಕೂಟದ ಹೆಸರು ಮತ್ತು ಆಡಳಿತ ಅವರ ಕೈಗೆ ಬಂತು. ಫುಟ್‌ಬಾಲ್‌ನ ಮೇಲಿನ ಹಂತದಲ್ಲಿ ಕೂಟವೆನಿಸಿಕೊಳ್ಳಲು ಕನಿಷ್ಠ ಎಂಟು ತಂಡ ಬೇಕು. 2024 ಮತ್ತು 2025ರಲ್ಲಿ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್, ಫ್ರೆಸ್ನೊ ಸ್ಟೇಟ್ ಮೊದಲಾದವನ್ನು ಒಪ್ಪಿಸಿ, 2026ರ ಜುಲೈಯಿಂದ ಹೊಸ ಬಾಳು ಎಂದು ಗೊತ್ತುಮಾಡಿದರು. ಆದರೆ ಬಂದವರಲ್ಲಿ ಹೆಚ್ಚಿನವರು 'ಮೌಂಟನ್ ವೆಸ್ಟ್' ಎಂಬ ಇನ್ನೊಂದು ಕೂಟದಿಂದ ಬಂದವರು. ತಮ್ಮ ಮನೆ ಮುರಿದಾಗ ನೊಂದವರೇ ಪಕ್ಕದ ಮನೆಯ ತೊಲೆ ಕೀಳಬೇಕಾಯಿತು.

ಮೂರನೆಯದು, ಒಂದು ಮೆಟ್ಟಿಲು ಇಳಿಯುವುದು. ಮಾಸ್ಕೊದ ಐಡಹೋ ವಿಶ್ವವಿದ್ಯಾಲಯ ಹಿಡಿದ ದಾರಿ ಇದು. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟ ಹಗರಣಗಳಿಂದ 1959ರಲ್ಲಿ ಹಳೆಯ ಪೆಸಿಫಿಕ್ ಕೂಟ ಒಡೆದಿತ್ತು. ಪುಲ್‌ಮನ್‌ನವರಿಗೆ ಕೆಲವು ವರ್ಷಗಳಲ್ಲಿ ಹೊಸ ಕೂಟದ ಕರೆ ಬಂತು. ಐಡಹೋವನ್ನು ಯಾರೂ ಕರೆಯಲಿಲ್ಲ. ಮುಂದೆ ಹಲವು ಕೂಟ ಬದಲಿಸಿದ ಅದು, 2018ರಲ್ಲಿ ಫುಟ್‌ಬಾಲ್‌ನ ಎರಡನೆಯ ಹಂತಕ್ಕೆ ತಾನಾಗಿಯೇ ಇಳಿಯಿತು. ಮರ್ಯಾದೆ ಹೋಯಿತೆಂದು ಹಳೆಯ ವಿದ್ಯಾರ್ಥಿಗಳು ಸಿಟ್ಟಾದರು. ಆದರೆ ಎದುರಾಳಿಗಳು ಮತ್ತೆ ಮೊಂಟಾನಾದಂಥ ಪಕ್ಕದವರಾದರು. 2022ರಿಂದ ಮೂರು ವರ್ಷ ಸತತವಾಗಿ ತಂಡ ಆ ಹಂತದ ರಾಷ್ಟ್ರೀಯ ಪ್ಲೇಆಫ್‌ಗೆ ಏರಿತು.

ನಾಲ್ಕನೆಯದು, ಆ ಸ್ಪರ್ಧೆಯನ್ನೇ ಬಿಡುವುದು. 'ಬಿಗ್ ಟೆನ್' ಸ್ಥಾಪಕರಲ್ಲಿ ಒಂದಾದ ಷಿಕಾಗೊ ವಿಶ್ವವಿದ್ಯಾಲಯ 1939ರಲ್ಲಿ ಫುಟ್‌ಬಾಲ್ ನಿಲ್ಲಿಸಿ, 1946ರಲ್ಲಿ ಕೂಟವನ್ನೂ ತೊರೆಯಿತು. ಬಿಕೋ ಎನ್ನುತ್ತಿದ್ದ ಕ್ರೀಡಾಂಗಣದ ಮೆಟ್ಟಿಲ ಸಾಲಿನ ಕೆಳಗೆ 1942ರಲ್ಲಿ ಎನ್ರಿಕೊ ಫರ್ಮಿ ಮೊದಲ ಪರಮಾಣು ಸರಣಿ ಕ್ರಿಯೆ ನಡೆಸಿದರು. ಆ ನೆಲದ ಮೇಲೆ ಈಗ ರೀಗನ್‌ಸ್ಟೈನ್ ಗ್ರಂಥಾಲಯವಿದೆ. ಅಲ್ಲಿನ ದಕ್ಷಿಣ ಏಷ್ಯಾ ಸಂಗ್ರಹದಲ್ಲಿ ಕನ್ನಡ ಪುಸ್ತಕಗಳೂ ಇವೆ. 1960ರ ದಶಕದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಎ.ಕೆ. ರಾಮಾನುಜನ್ ಪಾಠ ಹೇಳಿದ್ದು ಈ ವಿಶ್ವವಿದ್ಯಾಲಯದಲ್ಲೇ. ಷಿಕಾಗೊ 1969ರಲ್ಲಿ ಮತ್ತೆ ಫುಟ್‌ಬಾಲ್ ತಂಡ ಕಟ್ಟಿತು. ಅದು ಆಡುವುದು ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ಮೂರನೆಯ ಹಂತದಲ್ಲಿ.

ಷಿಕಾಗೊ ಶ್ರೀಮಂತ ಸಂಸ್ಥೆ, ಅದಕ್ಕೆ ಸಾಧ್ಯವಾಯಿತು ಎನ್ನಬಹುದು. ಮಾತು ನಿಜ. ಫುಟ್‌ಬಾಲ್‌ನ ಆದಾಯದಲ್ಲಿ ಓಟ, ಈಜಿನ ತಂಡಗಳನ್ನು ಸಾಕುವ ವಿಶ್ವವಿದ್ಯಾಲಯಕ್ಕೆ ಇಳಿಯುವುದೂ ನಷ್ಟ, ಉಳಿಯುವುದೂ ನಷ್ಟ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ, ವಿಶ್ವವಿದ್ಯಾಲಯಗಳು ಆಟಗಾರರಿಗೆ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ದುಡಿದವರಿಗೆ ಪಾಲು ಸಿಗುವುದು ನ್ಯಾಯವೇ. ಆದರೆ ದೊಡ್ಡವರ ಸಮಕ್ಕೆ ನಿಲ್ಲುವ ಖರ್ಚು ಅಷ್ಟರಮಟ್ಟಿಗೆ ಏರಿತು.

ಆದ್ದರಿಂದ ಸಣ್ಣ ವಿಶ್ವವಿದ್ಯಾಲಯ ಯಾವ ಕೂಟ ತನ್ನನ್ನು ಕರೆದೀತು ಎಂದು ಕಾಯುವ ಮೊದಲು, ಯಾರಿಗಾಗಿ ಆಡುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ಟಿ.ವಿ.ಗಾಗಿ ಎಂದಾದರೆ, ಇಂದು ಕರೆದವರು ನಾಳೆ ಬಿಟ್ಟು ಹೋಗಬಹುದು. ವಿದ್ಯಾರ್ಥಿಗಳಿಗಾಗಿ, ಊರಿಗಾಗಿ ಎಂದಾದರೆ, ಒಳ್ಳೆಯ ಎದುರಾಳಿ ಬಸ್ಸಿನ ದಾರಿಯಲ್ಲೇ ಸಿಕ್ಕಾನು. ಪುಲ್‌ಮನ್‌ಗೂ ಮಾಸ್ಕೊಗೂ ನಡುವೆ ಇಂದಿಗೂ ಇರುವುದು 13 ಕಿಲೋಮೀಟರ್ ಮಾತ್ರ.