ಮಳೆಕಾಡಿನ ಗಿಡವನ್ನು ಅಂಗರಚನೆಯಿಂದ ಗುರುತಿಸುವ ಕ್ರಮ



ಗದ್ದೆಯಲ್ಲಿ ಪೈರನ್ನೂ ಕಳೆಯನ್ನೂ ಸುಲಭವಾಗಿ ಬೇರ್ಪಡಿಸಬಲ್ಲ ರೈತನು, ಮಳೆಕಾಡನ್ನು ಹೊಕ್ಕಾಗ ಒಂದೇ ಬಗೆಯ ಎಲೆಯುಳ್ಳ ಹತ್ತಾರು ಗಿಡಗಳನ್ನು ಕಂಡು ಭ್ರಮೆಗೊಳ್ಳುವುದುಂಟು. ಎಲೆಯ ಹೋಲಿಕೆಯೊಂದನ್ನೇ ನಂಬಿ, ಒಂದು ಗಿಡಕ್ಕೆ ಬದಲಾಗಿ ಮತ್ತೊಂದನ್ನು ಔಷಧಕ್ಕೆ ತಂದರೆ ಪ್ರಾಣಾಪಾಯವೂ ಸಂಭವಿಸಬಹುದು. ಅಪೂರ್ವವಾದ ಗಿಡವನ್ನು ಕೆಲಸಕ್ಕೆ ಬಾರದ ಪೊದೆಯೆಂದು ಸವರಿಬಿಡುವುದೂ ನಷ್ಟವೇ ಸರಿ. ಆದಕಾರಣ ಗಿಡದ ಅಂಗಗಳನ್ನು ಒಂದೊಂದಾಗಿ ಪರೀಕ್ಷಿಸುವ ಕ್ರಮವನ್ನು ಅರಿತಿರುವುದು ಅವಶ್ಯಕವು.

ದೃಷ್ಟಾಂತಕ್ಕಾಗಿ, ಪಶ್ಚಿಮ ಘಟ್ಟಗಳ ಕಾಡಿನ ನೆರಳಿನಲ್ಲಿ ಬೆಳೆಯುವ ಸಾರ್ಕಾಂಡ್ರವೆಂಬ ಪೊದೆಗಿಡವನ್ನು ತೆಗೆದುಕೊಳ್ಳಬಹುದು. ಇದರ ಎಲೆಗಳು ಕಾಫಿ ಗಿಡದಲ್ಲಿರುವಂತೆಯೇ ಗೆಣ್ಣಿಗೆ ಎರಡರಂತೆ ಎದುರುಬದುರಾಗಿರುವುವು. ಆದರೆ ಕಾಫಿ ಎಲೆಯ ಅಂಚಿನಲ್ಲಿ ಹಲ್ಲುಗಳಿಲ್ಲ. ಇದರ ಅಂಚು ಗರಗಸದಂತಿರುವುದು. ಗೆಣ್ಣು ಉಬ್ಬಿದ್ದು, ಎಲೆತೊಟ್ಟುಗಳ ಬುಡಗಳು ಕೂಡಿ ಅದನ್ನು ಒರೆಯಂತೆ ಸುತ್ತಿರುವುವು. ಕಾಫಿಯ ಹೂವಿನಲ್ಲಿ ಬಿಳಿಯ ದಳಗಳೂ ಹಲವು ಕೇಸರಗಳೂ ಇರುವುವು. ಸಾರ್ಕಾಂಡ್ರದ ಹೂವಿನಲ್ಲಾದರೋ ದಳವೇ ಇಲ್ಲ; ಅಂಡಾಶಯದ ಪಕ್ಕದಲ್ಲಿ ಒಂದೇ ಒಂದು ದಪ್ಪನಾದ ಕೇಸರವು ಅಂಟಿಕೊಂಡಿರುವುದು. ಮಾಂಸಲವಾದ ಕೇಸರವುಳ್ಳದ್ದೆಂಬುದೇ ಆ ಗ್ರೀಕ್ ಹೆಸರಿನ ಅರ್ಥ. ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜಗಳಿದ್ದರೆ, ಇದರ ಸಣ್ಣ ಹಣ್ಣಿನಲ್ಲಿ ಒಂದೇ ಬೀಜವಿರುವುದು.

ಒಳರಚನೆಯು ಇನ್ನೂ ವಿಶೇಷವಾದದ್ದು. ಬೀಟೆ, ಹೊನ್ನೆ ಮೊದಲಾದ ಮರಗಳನ್ನು ಅಡ್ಡಲಾಗಿ ಕೊಯ್ದರೆ, ನೀರನ್ನು ಮೇಲಕ್ಕೆ ಒಯ್ಯುವ ನಾಳಗಳು ಸಣ್ಣ ರಂಧ್ರಗಳಾಗಿ ಕಾಣುವುವು. ಸಾರ್ಕಾಂಡ್ರದ ಕಾಂಡದಲ್ಲಿ ಅಂತಹ ನಾಳಗಳಿಲ್ಲವೆಂಬುದನ್ನು ಕನ್ನಡಿಗರಾದ ಬಿ. ಜಿ. ಎಲ್. ಸ್ವಾಮಿಯವರು, ಇರ್ವಿಂಗ್ ಬೈಲಿಯವರೊಡನೆ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ 1950ರಲ್ಲಿ ಪ್ರಕಟಿಸಿದರು. ಹೂಬಿಡುವ ಗಿಡಗಳಲ್ಲಿ ಇದು ಬಹು ವಿರಳವಾದ ಲಕ್ಷಣವಾದುದರಿಂದ ಸಾಮಾನ್ಯ ಪೊದೆಯೊಂದು ವಿದ್ವಾಂಸರ ಗಮನವನ್ನು ಸೆಳೆಯಿತು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬುವರು ಇದೇ ಕುಲದ ಬೇರಿನಲ್ಲಿ ನಾಳಗಳಿರುವುದನ್ನು ಕಂಡರು. ಒಂದು ಅಂಗವನ್ನು ನೋಡಿ ಇಡೀ ಗಿಡದ ವಿಷಯವನ್ನು ನಿರ್ಣಯಿಸಬಾರದೆಂಬುದಕ್ಕೆ ಇದೇ ಸಾಕ್ಷಿ.

ಗುರುತು ತಿಳಿಯದ ಗಿಡವು ಹಿಡುವಳಿಯಲ್ಲಿ ಕಂಡುಬಂದರೆ, ಬರಿಯ ಎಲೆಯನ್ನು ಕಿತ್ತು ಕಳುಹಿಸಿದರೆ ಸಾಲದು. ಗೆಣ್ಣು, ಎಲೆ, ಹೂವು, ಹಣ್ಣುಗಳಿರುವ ರೆಂಬೆಯನ್ನು ಕಾಗದಗಳ ನಡುವೆ ಅದುಮಿ ಒಣಗಿಸಿ, ಸಿಕ್ಕಿದ ಸ್ಥಳ, ತಿಂಗಳು, ಗಿಡದ ಎತ್ತರ, ಹೂವು ಹಣ್ಣುಗಳ ಬಣ್ಣ ಇವುಗಳನ್ನು ಬರೆದು ಸಸ್ಯಶಾಸ್ತ್ರಜ್ಞರಿಗೆ ಕೊಡತಕ್ಕದ್ದು. ಸರ್ಕಾರದ ಕಾಡಿನಲ್ಲಾದರೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಯಾವುದನ್ನೂ ಕೀಳಕೂಡದು. ಹೆಸರು ನಿಶ್ಚಯವಾಗುವವರೆಗೆ ಅಂತಹ ಗಿಡಕ್ಕೆ ಕತ್ತಿಯನ್ನು ಹಾಕದೆಯೂ, ಅದರ ಯಾವ ಭಾಗವನ್ನೂ ಬಾಯಿಗಿಡದೆಯೂ ಇರುವಂತೆ ಗ್ರಾಮದ ಮುಖಂಡರು ಎಲ್ಲರಿಗೂ ತಿಳಿಯಹೇಳುವುದು ಶ್ರೇಯಸ್ಕರವು.